ಅಲ್ಲಾಡದ ಬಿಳಿ ಗೆರೆ

ಜಯನಗರದ ನಮ್ಮ ಮನೆಯ ಶೆಡ್ಡಿನಲ್ಲಿ ಕಾರು ನಿಲ್ಲಿಸಿದರೆ, ಗೋಡೆಗೂ ಅದಕ್ಕೂ ನಡುವೆ ಒಬ್ಬಳು ಪಕ್ಕಕ್ಕೆ ತಿರುಗಿ ತೂರುವಷ್ಟೇ ಜಾಗ. ಎಂಬತ್ತರ ದಶಕದ ನನ್ನ ಸಂಜೆಗಳೆಲ್ಲ ಆ ಸಂದಿಯಲ್ಲೇ ಕಳೆದವು. ಸದ್ದಿಗೆ ಅಕ್ಕಪಕ್ಕದವರು ಬೈಯುತ್ತಾರೆಂದು ಬಾಗಿಲು ಮುಕ್ಕಾಲು ಮುಚ್ಚಿರುತ್ತಿತ್ತು. ಇಂಜಿನ್ನಿನ ಫ್ಯಾನಿಗೆ ಸಿಕ್ಕೀತೆಂದು ಜಡೆಯನ್ನು ರವಿಕೆಯೊಳಗೆ ತುರುಕಿಕೊಂಡು, ಇಂಜಿನ್ ಮೇಲೆ ಬಗ್ಗಿ ಟೈಮಿಂಗ್ ಲೈಟ್ ಹಿಡಿಯುವುದು ನನ್ನ ಕೆಲಸ. ಅಣ್ಣ ಒಳಗೆ ಕೂತು ಆಕ್ಸಿಲರೇಟರ್ ತುಳಿಯುತ್ತಿದ್ದ. ರೇಸಿಗೆ ಹೋಗುವ ಮಹಾಶಯ ಅವನು, ಹೊಗೆ ಕುಡಿಯುವವಳು ನಾನು.

ಇಂಜಿನ್ನಿನೊಳಗೆ ಪೆಟ್ರೋಲ್ ಹೊತ್ತಿಸುವ ಕಿಡಿ ಹಾರಿದಾಗಲೆಲ್ಲ ಆ ಲೈಟ್ ಮಿಂಚುತ್ತದೆ. ಮಿಂಚಿನಲ್ಲಿ, ತಿರುಗುವ ಪುಲ್ಲಿಯ ಮೇಲಿನ ಬಿಳಿ ಗೆರೆ ನಿಂತಂತೆ ಕಾಣಬೇಕು. ಆಗ ಕಿಡಿ ಪ್ರತಿ ಸಲವೂ ಅದೇ ಗಳಿಗೆಗೆ ಹಾರುತ್ತಿದೆ ಎಂದರ್ಥ. ನಮ್ಮದು ವೇಗ ಏರಿದ ಕೂಡಲೇ ಹಿಂದೆ ಮುಂದೆ ಕುಣಿಯುತ್ತಿತ್ತು.

"ನಿಂತಿದೆಯೇನೇ?"

"ಇಲ್ಲ ಅಣ್ಣ, ಕುಣೀತಿದೆ."

"ಡಿಸ್ಟ್ರಿಬ್ಯೂಟರ್ ಚೂರು ತಿರುಗ್ಸು."

ದಿನಾ ಇದೇ ರಾಮಾಯಣ.

ನನಗೆ ಸಂಜೆ ಕಾಲೇಜಿನಲ್ಲಿ ಕಾನೂನು ಓದುವ ಆಸೆ. ಬಿ.ಎಸ್ಸಿ. ಮುಗಿದಿತ್ತು, ಅರ್ಜಿಯನ್ನೂ ತಂದಿಟ್ಟಿದ್ದೆ. ಅಪ್ಪ, "ಅವನ ಇಂಜಿನ್ ಒಂದು ಹದಕ್ಕೆ ಬರ್ಲಿ, ಆಮೇಲೆ ಸೇರ್ಕೊಳ್ಳಮ್ಮ" ಅಂದರು. ಅರ್ಜಿ ಕೊಡಲು ಇನ್ನು ಒಂದೇ ತಿಂಗಳು ಉಳಿದಿತ್ತು.

ಸಿಟ್ಟಿನಲ್ಲೇ ನನ್ನ ತಲೆ ಓಡಿತು. ಕಿಡಿಯ ಹೊತ್ತು ಗೊತ್ತುಮಾಡಿ ಸಿಲಿಂಡರುಗಳಿಗೆ ಹಂಚುವುದು ಡಿಸ್ಟ್ರಿಬ್ಯೂಟರು; ಅದನ್ನು ತಿರುಗಿಸುವ ಚೈನು, ಗೇರು ಎಲ್ಲ ಸವೆದಿವೆ, ಅವುಗಳ ಸಡಿಲವೇ ಗೆರೆಯನ್ನು ಕುಣಿಸುತ್ತಿದೆ. ಅವನ್ನು ಬಿಟ್ಟು, ಕಿಡಿಯ ಹೊತ್ತನ್ನು ನೇರವಾಗಿ ಇಂಜಿನ್ನಿನ ಮುಖ್ಯ ದಂಡ ಕ್ರ್ಯಾಂಕಿನಿಂದಲೇ ಪಡೆದರೆ? ಜರಗನಹಳ್ಳಿಯ ಲೇತ್‌ನವರ ಹತ್ತಿರ ಅಲ್ಯೂಮಿನಿಯಂ ಬಿಲ್ಲೆ ಮಾಡಿಸಿ, ಅದರ ಅಂಚಿಗೆ ಎದುರುಬದುರಾಗಿ ಎರಡು ಅಯಸ್ಕಾಂತ ಕೂರಿಸಿ, ಕ್ರ್ಯಾಂಕಿನ ಪುಲ್ಲಿಗೆ ಬಿಗಿದೆವು. ಪಕ್ಕದಲ್ಲೊಂದು ಪಿಕಪ್ ಕಾಯಿಲ್. ಅಯಸ್ಕಾಂತ ಅದರ ಮುಂದೆ ಹಾದಾಗಲೆಲ್ಲ ಕಿಡಿ. ಅದಕ್ಕೆ ಬೇಕಾದ ಎಲೆಕ್ಟ್ರಾನಿಕ್ ಡಬ್ಬಿಯನ್ನು ಅಣ್ಣನ ಗೆಳೆಯನೊಬ್ಬ ಜೋಡಿಸಿಕೊಟ್ಟ. ಡಿಸ್ಟ್ರಿಬ್ಯೂಟರಿಗೆ ಇನ್ನು ಕಿಡಿ ಹಂಚುವ ಕೆಲಸ ಮಾತ್ರ.

ಆ ಸಂಜೆ ಅಣ್ಣ ಎಷ್ಟು ತುಳಿದರೂ ಗೆರೆ ಅಲ್ಲಾಡಲಿಲ್ಲ. ನಾನು ಸಂದಿಯಲ್ಲಿ ನಿಂತೇ ಅತ್ತುಬಿಟ್ಟೆ. ಹೊಗೆಗೆ ಕಣ್ಣುರಿ ಅಂತ ಅವನು ಅಂದುಕೊಂಡ.

ಮದ್ರಾಸಿನ ರೇಸಿನಲ್ಲಿ ಅಣ್ಣ ಗೆದ್ದ. ಅವನು ವಾಪಸ್ ಬಂದ ಮಾರನೆಯ ದಿನವೇ ಅರ್ಜಿಗೆ ಕೊನೆಯ ದಿನ. ಸಂಜೆ ಸೀರೆಯುಟ್ಟು, ಅರ್ಜಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಗೇಟಿಗೆ ಬಂದರೆ ಬೀದಿಯಲ್ಲಿ ಸಾಲಾಗಿ ಮೂರು ಕಾರು. ಅಣ್ಣನ ಜೊತೆ ರೇಸಿಗೆ ಹೋಗಿದ್ದವರು. ಅಣ್ಣ ನನ್ನತ್ತ ಕೈ ತೋರಿಸಿ ಹೆಮ್ಮೆಯಿಂದ, "ಎಲ್ಲ ಇವಳ್ದೇ ತಲೆ ಗುರು, ನಿಮ್ಗೂ ಮಾಡ್ಕೊಡ್ತಾಳೆ" ಅಂದ.

ವರಾಂಡದಲ್ಲಿ ಕೂತಿದ್ದ ಅಪ್ಪನ ಮುಖ ನೋಡಿದೆ. ಮಾತು ಕೊಟ್ಟವರು ಅವರಲ್ಲವೇ.

"ಮನೆಗೆ ಬಂದೋರನ್ನ ಹಾಗೇ ಕಳ್ಸೋಕಾಗತ್ತೇನಮ್ಮ? ಕಾಲೇಜು ಮುಂದಿನ ವರ್ಷಾನೂ ಇರತ್ತೆ."

ಇಂಜಿನ್ ಸರಿಹೋದರೆ ನನಗೆ ಬಿಡುಗಡೆ ಅಂದುಕೊಂಡಿದ್ದೆನಲ್ಲ, ನನ್ನಂಥ ಪೆದ್ದಿ ಯಾರಿದ್ದಾರು! ಮೈಯೆಲ್ಲ ಉರಿದುಹೋಯಿತು. ಆದರೂ ಒಳಗೆ ಹೋಗಿ ಸೀರೆ ಬಿಚ್ಚಿಟ್ಟು ಹಳೇ ಲಂಗ ಹಾಕಿಕೊಂಡೆ, ಜಡೆಯನ್ನು ರವಿಕೆಯೊಳಗೆ ತುರುಕಿಕೊಂಡೆ. ಮೊದಲನೆಯ ಕಾರು ಶೆಡ್ಡಿನೊಳಗೆ ಬಂದು ನಿಂತಿತ್ತು. ಅದು ನಮ್ಮದಕ್ಕಿಂತ ಅಗಲ. ಸಂದಿಯೊಳಗೆ ತೂರಲು ಉಸಿರು ಬಿಗಿಹಿಡಿಯಬೇಕಾಯಿತು.