ಮೇಸ್ತ್ರಿಗೆ ಮೂತ್ರ ಕಟ್ಟಿದ ದಿನ

ಬೀದಿಗೆಲ್ಲ ಆಕೆ ಹೊಲಿಗೆ ಅಕ್ಕ. ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಿಷನ್ ಹಾಕಿ, ಒಂದಕ್ಕೆ ತಾನು, ಇನ್ನೊಂದಕ್ಕೆ ನಾದಿನಿ ಕೂತು ಬದುಕು ಕಟ್ಟಿಕೊಂಡವಳು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾಲು ಚಾಚಿ ಮಲಗುತ್ತಿದ್ದ ಬೂದು ಗಂಡು ಬೆಕ್ಕಿಗೆ ಮೇಸ್ತ್ರಿ ಎಂದು ಹೆಸರಿಟ್ಟವಳು ನಾದಿನಿಯೇ. ಕೆಲಸ ಮಾಡೋರು ನಾವು, ಉಸ್ತುವಾರಿ ಅವನದು ಎಂಬುದು ಅವಳ ದೂರು.

ಒಂದು ಬೆಳಿಗ್ಗೆ ಮೇಸ್ತ್ರಿ ಮೂಲೆಯ ಮರಳಿನ ತಟ್ಟೆಯಲ್ಲಿ ಕೂತು ತಿಣುಕಿದ, ಎದ್ದ, ತಿರುಗಿ ಹೋಗಿ ಕೂತ. ದರ್ಜಿಗಳ ಮನೆಯಲ್ಲಿ ಬೆಕ್ಕು ತಿಣುಕಿದರೆ ಹೊಳೆಯುವುದು ಒಂದೇ: ದಾರ ನುಂಗಿದೆ. ಹಿಂದೊಮ್ಮೆ ನುಂಗಿಯೂ ಇದ್ದ. ಇಬ್ಬರೂ ಬಾಲ ಎತ್ತಿ ನೋಡಿದರು, ನಾಲಿಗೆಯ ಅಡಿ ನೋಡಿದರು, ಕೊನೆಗೆ ಬಾಯಿ ಬಿಡಿಸಿ ಎಣ್ಣೆ ಹೊಯ್ದರು. ನಾಳೆ ತಾನಾಗಿ ಬರುತ್ತೆ ಎಂದು ನಾದಿನಿ ಧೈರ್ಯ ಹೇಳಿದಳು. ಈ ‘ನಾಳೆ’ ಎಷ್ಟು ಮೂಕಜೀವಗಳನ್ನು ನುಂಗಿದೆಯೋ! ನಮಗೆ ತಲೆನೋವಾದರೆ ಇವತ್ತೇ, ಅವಕ್ಕೆ ಪ್ರಾಣ ಹೋಗುತ್ತಿದ್ದರೂ ನಾಳೆ.

ಮಧ್ಯಾಹ್ನ ಮೇಸ್ತ್ರಿ ವಾಂತಿ ಮಾಡಿದ. ಹಿಂಭಾಗ ನೆಕ್ಕುತ್ತಾ ಎಂದೂ ಕೂಗದ ದನಿಯಲ್ಲಿ ಕೂಗಿದ. ಅಕ್ಕ ತಟ್ಟೆಗೆ ಕೈ ಹಾಕಿದಳು. ಮರಳು ಒಣಗಿತ್ತು. ದಾರ ಹುಡುಕುವ ಭರದಲ್ಲಿ ಒದ್ದೆ ಇದೆಯೇ ಎಂದು ಯಾರೂ ನೋಡಿರಲಿಲ್ಲ. ಕೆಳಹೊಟ್ಟೆ ಮೆಲ್ಲಗೆ ಸವರಿದರೆ ಒಳಗೆ ಚೆಂಡಿನಂತೆ ಗಟ್ಟಿ.

“ದಾರ ಅಲ್ಲ ಕಣೇ. ಇವನು ಬೆಳಗಿಂದ ಉಚ್ಚೆನೇ ಹೊಯ್ದಿಲ್ಲ.”

ರವಿಕೆಗಾಗಿ ಕಾದು ಕೂತಿದ್ದ ಹೆಂಗಸು, ಒಂದು ಬೆಕ್ಕಿಗೋಸ್ಕರ ಅಂಗಡಿ ಮುಚ್ಚೋದಾ, ಇದು ಹೋದರೆ ಇನ್ನೊಂದು ಬರುತ್ತೆ ಎಂದು ರಾಗ ಎಳೆದಳು. ಅಕ್ಕ ಮೇಸ್ತ್ರಿಯನ್ನು ಬುಟ್ಟಿಗಿಳಿಸಿ ಮೇಲೆ ಬಟ್ಟೆ ಕಟ್ಟುತ್ತಲೇ ಹೇಳಿದಳು:

“ನಿಮ್ಮ ರವಿಕೆ ಸಂಜೆ ಹೊಲಿದ್ರೂ ರವಿಕೆನೇ. ಇವನು ಸಂಜೆ ತನಕ ಇರ್ತಾನೋ ಇಲ್ವೋ. ಏಳಿ, ಬಾಗಿಲು ಹಾಕ್ಬೇಕು.”

ಪ್ರಾಣಿಗಳ ಡಾಕ್ಟರಮ್ಮ ಹೊಟ್ಟೆ ಮುಟ್ಟಿದ ಕೂಡಲೇ ಮೇಜು ಸಿದ್ಧ ಮಾಡಿಸಿದರು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರ. ಹರಳಿನ ಪುಡಿ, ಲೋಳೆ ಸೇರಿ ಮುಚ್ಚಿಕೊಂಡರೆ ವಿಷ ರಕ್ತಕ್ಕೇರಿ ಒಂದೆರಡು ದಿನದಲ್ಲೇ ಹೃದಯ ನಿಲ್ಲಬಹುದು ಎಂದರು. ಎಣ್ಣೆ ಕುಡಿಸಿದ್ದನ್ನು ಅಕ್ಕ ಮುಚ್ಚಿಡಲಿಲ್ಲ, ಬೈಸಿಕೊಂಡಳು. ಮನೆಮದ್ದು ಬೇಡ, ಹೊಟ್ಟೆ ಒತ್ತಿ ನೋಡುವುದೂ ಬೇಡ, ಮೂತ್ರದ ಚೀಲ ಒಡೆದೀತು, ಸೀದಾ ಇಲ್ಲಿಗೆ ತನ್ನಿ ಎಂದು ಡಾಕ್ಟರಮ್ಮ ಗದರಿದರು. ಮಂಪರು ಕೊಟ್ಟು ಸಣ್ಣ ನಳಿಕೆ ತೂರಿಸಿದಾಗ ಕೆಂಪು ಬೆರೆತ ಮೂತ್ರ ಹರಿಯಿತು. ಡ್ರಿಪ್ ಹಾಕಿ ಅಲ್ಲೇ ಉಳಿಸಿಕೊಂಡರು.

ಕೆಲವು ದಿನ ಕಳೆದು ನಳಿಕೆ ತೆಗೆದರು. ತಾನಾಗಿ ಹೊಯ್ಯದೆ ಮನೆಗೆ ಕಳಿಸುವುದಿಲ್ಲ, ಮತ್ತೆ ಕಟ್ಟಿದರೆ ಮತ್ತೆ ಮೊದಲಿಂದ ಎಂದರು. ಅಕ್ಕ ರವಿಕೆಗಳನ್ನು ತರಿಸಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೇ ಹುಕ್ ಹಚ್ಚುತ್ತಾ ಕೂತಳು. ಊಟ ತಂದ ನಾದಿನಿ, ಮನೆಗೆ ಹೋಗಿ ಬೆನ್ನು ಚಾಚಿ ಅತ್ತಿಗೆ, ಇವನಿಗೆ ನಾನಿರ್ತೀನಿ ಎಂದರೂ ಏಳಲಿಲ್ಲ. ಮೇಸ್ತ್ರಿ ತಟ್ಟೆಗೆ ಎರಡು ಸಲ ಹೋಗಿ ಸುಮ್ಮನೆ ಬಂದ. ಮೂರನೆಯ ಸಲ ಅಷ್ಟು ದೂರವೂ ಹೋಗಲಾರದೆ ಅಕ್ಕನ ಮಡಿಲಿಗೇರಿ, ನಡುಗಿ, ಕೂತ. ಸೀರೆ ಬೆಚ್ಚಗೆ ತೊಯ್ಯತೊಡಗಿತು.

ನಾದಿನಿ ಬಟ್ಟೆ ಹಿಡಿದು ಓಡಿ ಬಂದಳು.

“ಒರೆಸ್ಬೇಡ ಕಣೇ,” ಎಂದಳು ಅಕ್ಕ, ಕದಲದೆ. “ಡಾಕ್ಟರಮ್ಮ ಬಂದು ನೋಡ್ಲಿ.”