ಗಡ್ಡ ಕಟ್ಟಿದ ಮಹಾರಾಣಿ

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗಂಡನಿಗೆ ಯಶವಂತಪುರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಧಾರವಾಡ ಬಿಟ್ಟು ಬಂದ ನಾನು, ಕೆಂಪಾಪುರದ ಶಾಲೆಯೊಂದರಲ್ಲಿ ಸಮಾಜ ಪಾಠ ಹೇಳುತ್ತಿದ್ದೆ. ನನ್ನ ಮಾತು ಕೇಳಿದರೆ ಆರನೇ ತರಗತಿಯ ಮಕ್ಕಳಿಗೆ ನಗು. ನನಗೂ ನಗು ಬರುತ್ತಿತ್ತು.

ಪುಸ್ತಕದಲ್ಲಿ ಈಜಿಪ್ಟಿನ ಫೇರೋಗಳಿಗೆ ಸಿಕ್ಕಿದ್ದು ಒಂದೇ ಪುಟ. ಆ ರಾಜರು ಗದ್ದಕ್ಕೆ ಕೃತಕ ಗಡ್ಡ ಕಟ್ಟಿಕೊಳ್ಳುತ್ತಿದ್ದರು, ಜನ ಅವರನ್ನು ದೇವರೆಂದೇ ನಂಬಿದ್ದರು ಎಂದು ನಾನು ಸೇರಿಸಿ ಹೇಳುತ್ತಿದ್ದಾಗ, ಊರಿನ ರೈತರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಿಸ್, ಎಂಗಸ್ರು ಯಾರೂ ಫೇರೋ ಆಗ್ಲಿಲ್ವಾ?"

"ಒಬ್ಬಾಕಿ ರಾಣಿ ಆಗ್ಯಾಳಲ್ಲ! ಆಕಿ ಮೂರ್ತಿಗೂ ಗಡ್ಡ ಐತಿ," ಎಂದೆ.

ತರಗತಿ ಗೊಳ್ಳೆಂದಿತು. ಶಾಲೆಯ ವಾರ್ಷಿಕೋತ್ಸವಕ್ಕೆ ಇದನ್ನೇ ನಾಟಕ ಮಾಡೋಣವೆಂದು ಮಕ್ಕಳು ಹಟ ಹಿಡಿದರು. ಪ್ರಶ್ನೆ ಕೇಳಿದವಳೇ ರಾಣಿಯಾದಳು.

ಎರಡು ದಿನ ಕಳೆದಿರಬೇಕು, ಅವಳ ಅಜ್ಜಿ ಸೆರಗು ಬಿಗಿದು ಸೀದಾ ತರಗತಿಯ ಬಾಗಿಲಿಗೇ ಬಂದರು.

"ಏನ್ ಮೇಡಮ್ಮೋರೇ, ನಮ್ ಉಡುಗೀಗೆ ಗಡ್ಡ ಆಕ್ತೀರಂತೆ? ನಾಳೆ ಸಂಬಂಧ ಕೇಳ್ಕೊಂಡು ಬರೋರು ಏನಂದಾರು?"

ನಾನು ಹೊರಗೆ ಬಂದು ಅವರನ್ನು ಜಗಲಿಯ ಮೇಲೆ ಕೂರಿಸಿದೆ. "ಅಜ್ಜಿ, ಆಕಿ ದೊಡ್ಡ ರಾಣಿ. ಗಂಡ ತೀರ್ಕೊಂಡಿದ್ದ. ಪಟ್ಟಕ್ಕ ಬರೋ ಹುಡುಗ, ಸವತಿ ಮಗ, ಇನ್ನೂ ಸಣ್ಣಾವ. ಆಕೀನ ರಾಜ್ಯ ನೋಡ್ಕೊಂಡ್ಲು. ಹಡಗು ಕಳಿಸಿ ದೂರದೇಶದಿಂದ ಧೂಪದ ಗಿಡ ತರಿಸಿದ್ಲು."

ಅಜ್ಜಿ ಬಿಗಿದಿದ್ದ ಸೆರಗನ್ನು ಸಡಿಲಿಸಿದರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮಗುವನ್ನು ಕಟ್ಟಿಕೊಂಡು ಜಮೀನು ಉಳಿಸಿಕೊಂಡವರು ಅವರು. ಅದು ನನಗೆ ಗೊತ್ತಾದದ್ದು ಅವರ ಮುಂದಿನ ಮಾತಿನಿಂದ.

"ನಾನೂ ಇಂಗೇ ಕಣಮ್ಮ. ಗದ್ದೆಗೆ ನೀರು ಬಿಡಿಸ್ಕೊಳ್ಳಕ್ಕೆ ಓದ್ರೆ ಗಂಡಸ್ರನ್ನ ಕಳ್ಸು ಅನ್ನೋರು. ಮನೇಲಿ ಗಂಡಸು ಅಂದ್ರೆ ತೊಟ್ಟಿಲಲ್ಲಿರೋ ಕೂಸು!" ಎಂದು ಜೋರಾಗಿ ನಕ್ಕರು. ಆಮೇಲೆ ಎದ್ದು ನಿಂತು, "ಗಡ್ಡ ನಾನೇ ಮಾಡ್ಕೊಡ್ತೀನಿ ಬುಡಿ," ಎಂದರು.

ಕುರಿ ತುಪ್ಪಟಕ್ಕೆ ಮಸಿ ಬಳಿದು, ದಾರ ಹೊಲಿದು ಮಾಡಿದ ಆ ಗಡ್ಡ ಭರ್ಜರಿಯಾಗಿತ್ತು. ಭಾರವೂ ಇತ್ತು. ನಾಟಕದ ದಿನ, ಹುಡುಗಿ ಸಿಂಹಾಸನದ ಮೇಲೆ ಕೂತು ಹಡಗಿನವರಿಗೆ ಅಪ್ಪಣೆ ಕೊಡುತ್ತಿದ್ದಾಗ ದಾರ ಬಿಚ್ಚಿ ಗಡ್ಡ ಮಂತ್ರಿಯ ಕಾಲ ಬಳಿ ಬಿತ್ತು. ಮಂತ್ರಿ ಮಾತು ಮರೆತ. ಪರದೆ ಎಳೆಯಿರೆಂದು ಹೆಡ್‌ಮಾಸ್ಟರು ಕೈಬೀಸಿದರು.

ಹುಡುಗಿ ಮಾತ್ರ ಅಲುಗಲಿಲ್ಲ.

"ಏನಯ್ಯಾ ನೋಡ್ತೀಯಾ? ಬಿದ್ದಿದ್ದು ಗಡ್ಡ, ರಾಜ್ಯ ಅಲ್ಲ. ಹಡಗು ಓಡ್ಸು!"

ಚಪ್ಪಾಳೆ ನಿಲ್ಲುವುದಕ್ಕೆ ಬಹಳ ಹೊತ್ತು ಹಿಡಿಯಿತು. ಮುಂದಿನ ಸಾಲಿನಲ್ಲಿದ್ದ ಅಜ್ಜಿ ಕಣ್ಣೊರೆಸಿಕೊಳ್ಳುತ್ತಾ, "ನನ್ ಮೊಮ್ಮಗಳು ಕಣ್ರೀ," ಎಂದು ಪಕ್ಕದವರಿಗೆಲ್ಲ ಹೇಳುತ್ತಿದ್ದರು.

ಮರುದಿನ ಅವರ ಮನೆಯಲ್ಲಿ ನನಗೆ ಊಟ: ಮುದ್ದೆ, ಅವರೆಕಾಳು ಸಾರು. ಜೋಳದ ರೊಟ್ಟಿ ತಿಂದು ಬೆಳೆದ ನಾನು ಮುದ್ದೆಯನ್ನು ಅಗಿಯುತ್ತಾ ಕೂತೆ. ಹುಡುಗಿ ಪಕ್ಕಕ್ಕೆ ಬಂದು, ಥೇಟ್ ಮೇಷ್ಟರ ದನಿಯಲ್ಲಿ ಹೇಳಿದಳು: "ಅಗೀಬಾರ್ದು ಮಿಸ್, ನುಂಗ್ಬೇಕು. ಎಲ್ಲಿ, ಇನ್ನೊಂದ್ಸಲ ಮಾಡಿ ನೋಡೋಣ."