ನೆಲದ ಮೇಲೆ ಬೆಂದ ಅನ್ನ

ಇದು ನಡೆದಾಗ ನನಗೆ ಅರವತ್ತೆರಡು. ಆಗಿ ಏಳು ವರ್ಷ ಆಯ್ತು. ದೆವ್ವ, ಮೈಮೇಲೆ ಬರೋದು, ಸತ್ತವರು ಕನಸಿನಲ್ಲಿ ಬಂದು ಮಾತಾಡೋದು, ಇಂಥದ್ದನ್ನು ಯಾವುದನ್ನೂ ನಾನು ನಂಬಿದವಳಲ್ಲ. ಯಾರಾದರೂ ಹೇಳಿದರೆ ಅವರ ಮುಖದ ಮೇಲೇ, ನಿಮಗ ಕೆಲಸ ಕಡಿಮಿ ಆಗೈತಿ ಅಂದುಬಿಡ್ತಿದ್ದೆ. ಈಗ ನಾನೇ ಹೇಳೋಕೆ ಕೂತಿದೀನಿ. ನಗೋರು ನಗ್ರಿ. ನಾನು ಕಲಿತದ್ದು ಮೂರನೇ ಇಯತ್ತೆ. ಆದದ್ದನ್ನು ಆದ ಹಾಗೆ ಬರೀತೀನಿ, ಮಾತು ಸಿಂಗರಿಸೋದು ನನಗೆ ಬರೋದಿಲ್ಲ.

ನಮ್ಮದು ಮೂಲ ಲಿಂಗಸೂಗೂರು ಕಡೆ. ನನ್ನ ಗಂಡನ ಅಣ್ಣ ಕಾರ್ಖಾನೆ ಕೆಲಸಕ್ಕೆ ಹೈದರಾಬಾದಿಗೆ ಬಂದು ಕುಷಾಯಿಗೂಡದಲ್ಲಿ ಮನೆ ಕಟ್ಟಿದರು. ಅವರ ಹಿಂದೆ ನಾವೂ ಬಂದೆವು. ಗಂಡಸರಿಬ್ಬರೂ ತೀರಿಹೋದ ಮೇಲೆ ಆ ಮನೆಯಲ್ಲಿ ಉಳಿದದ್ದು ನಾನು ಮತ್ತು ನನ್ನ ನೆಗೆಣ್ಣಿ, ಅಂದರೆ ಆ ಭಾವನವರ ಹೆಂಡತಿ, ಗಂಗಕ್ಕ. ನನಗಿಂತ ಹದಿನಾರು ವರ್ಷ ದೊಡ್ಡವರು, ಮಕ್ಕಳಿಲ್ಲ. ಅವರಿಗೆ ಲಕ್ವಾ ಹೊಡೆದು ಆಗಲೇ ನಾಲ್ಕು ವರ್ಷ ಆಗಿತ್ತು. ಬಲಗಡೆ ಪೂರಾ ಬಿದ್ದುಹೋಗಿತ್ತು, ಮಾತು ನಿಂತಿತ್ತು. ತಿಳಿವಳಿಕೆ ಮಾತ್ರ ಇತ್ತು, ಕಣ್ಣು ನೋಡಿದರೆ ಗೊತ್ತಾಗ್ತಿತ್ತು. ಎತ್ತೋದು, ತೊಳೆಯೋದು, ಉಣಿಸೋದು ಎಲ್ಲಾ ನಾನೇ. ಪ್ರೀತಿಯಿಂದ ಮಾಡಿದೆ ಅಂತ ತಿಳೀಬ್ಯಾಡ್ರಿ. ನಡೀತಿದ್ದ ಕಾಲದಲ್ಲಿ ಅವರು ಒಲೆ ಮುಂದೆ ನನ್ನನ್ನು ಗೋಳು ಹೊಯ್ದುಕೊಂಡವರು. ಮನೆಯವರೆಲ್ಲಾ ಉಂಡು ಎದ್ದ ಮೇಲೆ ಬೋಗುಣಿಯ ತಳದಲ್ಲಿ ಏನು ಉಳೀತಿತ್ತೋ ಅದು ನನಗೆ. ಆದರೂ ಬೇರೆ ಯಾರಿದ್ದರು? ಮಾಡಿದೆ. ನಾಲ್ಕು ವರ್ಷದಲ್ಲಿ ನನ್ನ ಸೊಂಟವೂ ಹೋಯ್ತು, ನಿದ್ದೆಯೂ ಹೋಯ್ತು.

ಮಗಳು ಸುನಂದಾ ಗಂಡನ ಜೊತೆ ಉಪ್ಪಲ್‌ನಲ್ಲಿದ್ದಾಳೆ. ಆ ವರ್ಷ ಮೇ ರಜೆಗೆ ಎಲ್ಲಾದರೂ ದೂರ ಹೋಗಬೇಕಂತ ಇಬ್ಬರೂ ಗಂಟು ಬಿದ್ದರು. ಸಮುದ್ರದ ನಟ್ಟನಡುವೆ ಒಂದು ದ್ವೀಪ. ಹಿಂದೆ ಯಾವಾಗಲೋ ನೀರಿನೊಳಗಿಂದ ಬೆಂಕಿ ಉಗುಳಿಕೊಂಡು ಎದ್ದ ಗುಡ್ಡವಂತೆ. ಪೋರ್ಚುಗೀಸರದು, ಹೆಸರು ನನ್ನ ನಾಲಿಗೆಗೆ ಇವತ್ತಿಗೂ ಹತ್ತಿಲ್ಲ. ಸುಡೋ ಬಿಸಿಲು ಇಲ್ಲ, ಕೊರೆಯೋ ಚಳಿ ಇಲ್ಲ, ಬೇಲಿ ತುಂಬ ನೀಲಿ ಹೂವು, ಕರಿಕಲ್ಲಿನ ಗೋಡೆ. "ಅವ್ವಾ, ನೀನೂ ಬಾ. ಒಂದು ಹತ್ತು ದಿನ ಬೆನ್ನು ಚಾಚು" ಅಂದಳು ಸುನಂದಾ. ಪಾಸ್‌ಪೋರ್ಟನ್ನೂ ಮಾಡಿಸಿಟ್ಟಿದ್ದಳು. ಹೂಂ ಅಂದೆ. ನಾಚಿಕೆ ಯಾಕೆ, ಹೋಗಬೇಕು ಅಂತ ಭಾಳ ಆಸೆ ಆಗಿತ್ತು. ದ್ವೀಪ ನೋಡೋ ಆಸೆ ಅಲ್ಲ. ಮುಂಜಾನೆ ಎದ್ದಾಗ ಯಾರ ಬಟ್ಟೆಯನ್ನೂ ಬದಲಿಸೋದು ಇರಬಾರದು, ಅಷ್ಟೇ.

ಪ್ರತಿ ರವಿವಾರ ಮಗಳು ಅಳಿಯ ಲ್ಯಾಪ್‌ಟಾಪ್ ಹಿಡಕೊಂಡು ಬರೋರು. ಕೂಲರ್ ಇದ್ದದ್ದು ಗಂಗಕ್ಕನವರ ಕೋಣೆಯಲ್ಲಿ, ಹಾಗಾಗಿ ಮಾತೆಲ್ಲ ಅಲ್ಲೇ, ಅವರ ಕಾಲ ಹತ್ತಿರ ಕೂತು. ಯಾವ ಮನೆ ಹಿಡಿಯೋದು, ನನ್ನ ಮೊಣಕಾಲಿಗೆ ಮೆಟ್ಟಿಲು ಎಷ್ಟು, ಕಟಕ್ ರೊಟ್ಟಿ ಎಷ್ಟು ಒಯ್ಯೋದು, ಶೇಂಗಾ ಚಟ್ನಿ ವಿಮಾನದವರು ಬಿಡ್ತಾರೋ ಇಲ್ಲೋ. ಆ ದ್ವೀಪದಲ್ಲಿ ಒಂದು ಕಡೆ ನೆಲದೊಳಗೆ ಇನ್ನೂ ಕಾವು ಇದೆಯಂತೆ. ಅಲ್ಲಿಯ ಮಂದಿ ಮುಂಜಾನೆ ಪಾತ್ರೆಯನ್ನು ಮಣ್ಣಲ್ಲಿ ಹೂತಿಡ್ತಾರೆ, ಮಧ್ಯಾಹ್ನಕ್ಕೆ ಅಡಿಗೆ ಬೆಂದಿರ್ತದೆ.

"ನೋಡ್ರಿ ಅತ್ತೀ, ಅಲ್ಲಿ ನಿಮಗ ಗ್ಯಾಸ್ ಹಚ್ಚೂ ತ್ರಾಸೂ ಇಲ್ಲ. ಭೂಮಿತಾಯಿನ ಅಡಗಿ ಮಾಡಿ ಹಾಕ್ತಾಳ" ಅಂದ ಅಳಿಯ.

"ಮಾಡ್ಲಿ ಬಿಡಪಾ. ಭಾಂಡೆ ಯಾರು ತಿಕ್ಕಬೇಕು, ಅದನ್ನ ಕೇಳು ಮೊದಲ" ಅಂದೆ.

ಎಲ್ಲರೂ ನಕ್ಕೆವು. ಗಂಗಕ್ಕ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು.

ಅಡ್ಡಿ ಇದ್ದದ್ದು ಒಂದೇ. ನಾನು ಹೋದರೆ ಅವರಿಗೆ ಉಣಿಸೋರು ಯಾರು. ಓಣಿಯ ಯಾದಮ್ಮ ಒಳ್ಳೇ ಹೆಂಗಸು, ಇಂಥ ಕೆಲಸ ಮಾಡಿ ಗೊತ್ತಿದ್ದವಳು. ಯುಗಾದಿಗೆ ಮುಂಚೆ ಮೂರು ದಿನ ಅವಳ ಕೈಯಲ್ಲಿ ಬಿಟ್ಟು ನೋಡಿದೆವು. ಗಂಗಕ್ಕ ಬಾಯಿ ತೆಗೀಲಿಲ್ಲ. ತುಟಿ ಬಿಗಿ ಹಿಡಿದು ಮೂರು ದಿನ ಹಾಗೇ ಇದ್ದರು. ಕಡೆಗೆ ಡಾಕ್ಟರ್ ಬಂದು ಸಲೈನ್ ಹಚ್ಚಬೇಕಾಯ್ತು. "ಬಾಯಿಗೆ ಬೀಗ ಹಾಕಿ ಕೀಲಿ ನಿನ್ನ ಸೆರಗಿಗೆ ಕಟ್ಟಿದಾಳಲ್ಲಮ್ಮಾ" ಅಂತ ಯಾದಮ್ಮ ತೆಲುಗಿನಲ್ಲಿ ನನ್ನನ್ನೇ ಹಂಗಿಸಿದಳು. ನಾಲ್ಕನೇ ದಿನ ನಾನು ಚಮಚೆ ಹಿಡಿದರೆ ಗಪ್ಪನೆ ಬಾಯಿ ತೆಗೆದರು. ನನಗೆ ಅವರನ್ನು ಹೊಡೀಬೇಕು ಅನಿಸಿತು. ಇದ್ದದ್ದು ಬರೀತೀನಿ.

ಯುಗಾದಿ ಆಗಿ ಒಂದು ವಾರ. ದ್ವೀಪದ ಬಾಡಿಗೆ ಮನೆಯವರು ಎಷ್ಟು ಮಂದಿ ಬರ್ತೀರಿ ಅಂತ ಕೇಳಿದ್ದರು. ಸುನಂದಾ ಫೋನ್ ಹಚ್ಚಿ, "ನಾಳೆ ಮುಂಜಾನೆ ಹತ್ತರೊಳಗ ಹೇಳಬೇಕವ್ವಾ. ಇಬ್ಬರೋ, ಮೂವರೋ?" ಅಂದಳು. ಹೇಳ್ತೀನಿ ಅಂತ ಇಟ್ಟೆ. ಏನು ಹೇಳೋದು ಅಂತ ಗೊತ್ತಿತ್ತು. ಇಬ್ಬರು.

ಅದೇ ದಿನ ಗ್ಯಾಸ್ ತೀರಿತು. ಸಿಲಿಂಡರ್ ಸಂಜೆಗೆ ಅಂದರು. ಕರೆಂಟಿನ ಒಲೆ ಒಂದಿತ್ತು, ಆದರೆ ಓಣಿಯಲ್ಲಿ ತಂತಿ ಕೆಲಸ ಅಂತ ಹನ್ನೊಂದಕ್ಕೇ ಕರೆಂಟು ತೆಗೆದಿದ್ದರು. ಅಕ್ಕಿ ಹೆಸರುಬೇಳೆ ತೊಳೆದು, ನೀರು ಉಪ್ಪು ಅರಿಷಿಣ ಹಾಕಿ, ಬೋಗುಣಿಗೆ ಮುಚ್ಚಳ ಮುಚ್ಚಿ ತಯಾರು ಮಾಡಿಟ್ಟಿದ್ದೆ. ಕರೆಂಟು ಬಂದ ಕೂಡಲೇ ಕೂಲರ್ ಸದ್ದಾಗ್ತದೆ, ಆಗ ಒಲೆಗೆ ಇಟ್ಟರಾಯ್ತು, ಅಲ್ಲಿತನಕ ಕಣ್ಣೆದುರಿಗೇ ಇರಲಿ ಅಂತ ಬೋಗುಣಿಯನ್ನು ಗಂಗಕ್ಕನ ಕೋಣೆಗೇ ತಂದು ಮಂಚದ ಪಕ್ಕ ಕೆಳಗೆ ಇಟ್ಟೆ. ಶಹಾಬಾದ್ ಕಲ್ಲಿನ ನೆಲ. ನಾನೂ ಅಲ್ಲೇ, ಮೂರು ಮೊಳ ಈಚೆಗೆ, ಚಾಪೆ ಹಾಸಿ ಅಡ್ಡಾದೆ. ಹೊರಬಾಗಿಲಿಗೆ ಒಳಗಿಂದ ಚಿಲಕ ಹಾಕಿದ್ದೆ. ಗಡಿಯಾರ ಒಂದೂವರೆ ತೋರಿಸ್ತಿತ್ತು.

ಎಚ್ಚರ ಆದದ್ದು ಮುಚ್ಚಳ ತಟತಟ ಅನ್ನೋ ಸಪ್ಪಳಕ್ಕೆ. ಕೋಣೆ ತುಂಬ ಬೆಂದ ಬೇಳೆ ವಾಸನೆ. ಕರೆಂಟು ಬಂದಿರಲಿಲ್ಲ. ಎದ್ದು ಎರಡು ಹೆಜ್ಜೆ ಇಟ್ಟೆ, ಎಡಗಾಲು ಸುರ್ರಂತು. ಬಾಯಿಂದ ಕೂಗು ಬಂತು. ಬೋಗುಣಿ ಇಟ್ಟ ಕಲ್ಲು ಹಂಚಿನ ಹಾಗೆ ಕಾದಿತ್ತು. ಅದರ ಪಕ್ಕದ ಕಲ್ಲು ತಣ್ಣಗಿತ್ತು. ಹೌದು, ಮುಟ್ಟಿ ನೋಡಿದೆ. ಸೆರಗಿನಿಂದ ಮುಚ್ಚಳ ತೆಗೆದರೆ ಹಬೆ ಮುಖಕ್ಕೆ ಬಡೀತು. ಅನ್ನ ಬೇಳೆ ಎರಡೂ ಕರಗಿ ಬೆಂದಿದ್ದವು. ಮೇಲೆ ಸಣ್ಣ ಗುಳ್ಳೆ ಏಳ್ತಿತ್ತು.

ನಾನು ಹಾಗೇ ಕುಕ್ಕರಗಾಲಲ್ಲಿ ಕೂತಿದ್ದೆ. ಆಗ ಮಂಚದ ಮೇಲಿಂದ ಮಾತು ಬಂತು.

"ಬೆಂದೈತಿ. ನೀ ಮೊದಲ ಉಣ್ಣು."

ತೊದಲಿಲ್ಲ, ಏನಿಲ್ಲ. ಹಿಂದೆ ಅಡಿಗೆಮನೆಯಿಂದ ಕೂಗ್ತಿದ್ದ ಅದೇ ಗಂಟಲು. ತಿರುಗಿ ನೋಡಿದೆ. ಗೋಡೆ ಕಡೆ ಇದ್ದ ಮುಖ ನನ್ನ ಕಡೆ ಇತ್ತು. ಮಗ್ಗಲು ಬದಲಿಸಬೇಕಾದರೆ ಯಾವಾಗಲೂ ನಾನೇ ಹೊರಳಿಸಬೇಕು. ಆವತ್ತು ನಾನು ಹೊರಳಿಸಿರಲಿಲ್ಲ. "ಅಕ್ಕಾರ, ಏನಂದ್ರಿ?" ಅಂದೆ. ಕಣ್ಣು ಮಾತ್ರ ನನ್ನ ಮೇಲೆ ನೆಟ್ಟಿತ್ತು. ತಾಟಿಗೆ ಬಡಿಸಿಕೊಂಡು ಉಂಡೆ. ಆ ಮನೆಯಲ್ಲಿ ಅವರಿಗಿಂತ ಮೊದಲು ನಾನು ಉಂಡದ್ದು ಅದೇ ಮೊದಲು. ಆಮೇಲೆ ಅವರಿಗೆ ಉಣಿಸಿದೆ. ಅಷ್ಟೂ ತಿಂದರು.

ಸಂಜೆ ಮಗಳು ಅಳಿಯ ಬಂದರು. ಅಷ್ಟೊತ್ತಿಗೆ ಕಲ್ಲು ತಣ್ಣಗಾಗಿತ್ತು. "ಅವ್ವಾ, ನಿನಗ ಬಿಸಿಲು ನೆತ್ತಿಗೇರೈತಿ" ಅಂದಳು ಮಗಳು. ಅಂಗಾಲಿನ ಬೊಬ್ಬೆ ತೋರಿಸಿದೆ. ಅಳಿಯ ಮೊಣಕಾಲೂರಿ ಕಲ್ಲಿಗೆ ಕೈ ಇಟ್ಟು, ಕಿವಿ ಇಟ್ಟು, ಕೆಳಗೆ ಬಿಸಿನೀರಿನ ಪೈಪು ಏನಾದರೂ ಇದೆಯಾ ಅಂತ ಹುಡುಕಿದ. ಆ ಮನೆಗೆ ಬಿಸಿನೀರಿನ ಪೈಪೇ ಇಲ್ಲ.

ನಾನೂ ಸುಮ್ಮನೆ ಬಿಟ್ಟಿಲ್ಲ ನೋಡ್ರಿ, ಎಲ್ಲಾ ಯೋಚನೆ ಮಾಡಿದೀನಿ. ನಿದ್ದೆಗಣ್ಣಲ್ಲಿ ನಾನೇ ಬೇಯಿಸಿದೆನಾ? ಎಲ್ಲಿ ಬೇಯಿಸಲಿ? ಗ್ಯಾಸಿಲ್ಲ, ಕರೆಂಟಿಲ್ಲ, ಸೀಮೆಎಣ್ಣೆ ಒಲೆ ಎಂದೋ ಗುಜರಿಗೆ ಹೋಗಿತ್ತು. ಯಾರಾದರೂ ಬಂದು ಬೇಯಿಸಿಟ್ಟು ಹೋದರಾ? ಚಿಲಕ ಹಾಕಿದ ಹಾಗೇ ಇತ್ತು. ಬಿಸಿಲಿಗೆ ಕಲ್ಲು ಕಾದಿತೇ? ಆ ಕೋಣೆಗೆ ಬಿಸಿಲು ಬೀಳೋದೇ ಇಲ್ಲ. ಮೇ ತಿಂಗಳಲ್ಲಿ ಆ ದ್ವೀಪದ ನೆಲವನ್ನೂ ಕಣ್ಣಾರೆ ನೋಡಿದೆ. ಅಲ್ಲಿ ಹೊಗೆ ಏಳ್ತದೆ, ಗಂಧಕದ ವಾಸನೆ ಮೂಗಿಗೆ ಹೊಡೀತದೆ, ನೆಲ ಕಾದಿದೆ ಅಂತ ಕುರುಡರಿಗೂ ತಿಳೀತದೆ. ನಮ್ಮ ಮನೆಯಲ್ಲಿ ಅಂಥದ್ದು ಏನೂ ಇರಲಿಲ್ಲ. ಬರೀ ಬೇಳೆ ವಾಸನೆ. ಗಂಗಕ್ಕ ಆಮೇಲೆ ಎರಡು ವರ್ಷ ಬದುಕಿದ್ದರು. ಮತ್ತೆ ಒಂದು ಮಾತು ಆಡಲಿಲ್ಲ. ಎಷ್ಟೋ ಸಲ ಕೇಳಿದೆ, ಗೋಡೆ ನೋಡೋರು.

ಕಲ್ಲು ಹೋಗಲಿ, ನನಗೆ ತಿಳಿಯದೇ ಉಳಿದದ್ದು ಆ ಮಾತು. ಇಲ್ಲೂ ನೆಲದ ಮೇಲೆ ಬೇಯ್ತದೆ, ಅಲ್ಲಿಗೆ ಯಾಕೆ ಹೋಗ್ತಿ ಅಂತ ಕೈ ಹಿಡಿದು ಕೂರಿಸಿದರೋ? ನನ್ನದು ಹೆಂಗೋ ನಡೀತದೆ, ನಿನ್ನದು ಮೊದಲು ನೋಡಿಕೋ ಅಂತ ಬಿಟ್ಟುಕೊಟ್ಟರೋ? ಮಗಳು ಎರಡನೆಯದು ಅಂತಾಳೆ. ಅವಳು ಗಂಗಕ್ಕನ ಸೊಸೆಯಾಗಲಿ ನೆಗೆಣ್ಣಿಯಾಗಲಿ ಆಗಿರಲಿಲ್ಲ, ಅವಳಿಗೇನು ಗೊತ್ತು. ನನಗೂ ಗೊತ್ತಿಲ್ಲ.

ಮರುದಿನ ಮುಂಜಾನೆ ಏಳಕ್ಕೆ ಸುನಂದಾಗೆ ಫೋನ್ ಹಚ್ಚಿ, "ಮೂರು ಮಂದಿ ಅಂತ ಹೇಳು" ಅಂದೆ. "ದೊಡ್ಡವ್ವ ಉಣ್ಣದಿದ್ರ ಏನ್ ಮಾಡೂದವ್ವಾ?" ಅಂದಳು. "ಮೂರು ಅಂದೆ" ಅಂತ ಇಟ್ಟೆ. ಹೊಸ ಸಿಲಿಂಡರಿನ ಮೇಲೆ ಉಪ್ಪಿಟ್ಟು ಮಾಡಿ ಮೊದಲು ನಾನು ತಿಂದೆ. ಯಾದಮ್ಮನನ್ನು ಕರೆದು ತಾಟು ಚಮಚೆ ಅವಳ ಕೈಗೆ ಕೊಟ್ಟೆ. ಅವಳು ಮಂಚದ ಅಂಚಿಗೆ ಕೂತಳು. ಗಂಗಕ್ಕ ಬಾಯಿ ತೆಗೆದರೋ ಇಲ್ಲೋ, ನಾನು ನಿಂತು ನೋಡಲಿಲ್ಲ. ಚಪ್ಪಲಿ ಮೆಟ್ಟಿ, ಬಾಗಿಲು ಎಳೆದುಕೊಂಡು, ಸುಟ್ಟ ಕಾಲು ಕುಂಟುತ್ತ ನಡೆದು ಕೋಠಿ ಬಜಾರಿನ ಬಸ್ಸು ಹತ್ತಿದೆ, ದ್ವೀಪಕ್ಕೆ ಒಯ್ಯೋ ಸ್ವೆಟರ್ ತರೋಕೆ.